ಹೃದಯವೊಂದನ್ನು ಬಿಟ್ಟು

ಅವರು ಮಾತನಾಡಿಸುವಾಗ ನಮ್ಮ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಹೊಸಬರು ಅದನ್ನು ಸಲುಗೆ ಎಂದುಕೊಳ್ಳುತ್ತಿದ್ದರು. ಸಲುಗೆಯೂ ಇತ್ತು, ಆದರೆ ಅವರ ಬೆರಳು ನಮ್ಮ ನಾಡಿಯ ಮೇಲೆ ಇರುತ್ತಿತ್ತು, ಕಣ್ಣು ಸೆರಗಿಗೆ ತಲೆಕೆಳಗಾಗಿ ಸಿಕ್ಕಿಸಿಕೊಂಡ ಪುಟ್ಟ ಗಡಿಯಾರದ ಮೇಲೆ ಇರುತ್ತಿತ್ತು. "ಮೊಮ್ಮಗಳು ಸ್ಕೂಲಿಗೆ ಸೇರಿದ್ಲಾ?" ಎಂದು ಶುರುವಾದ ಕುಶಲ "ನೆನ್ನೆ ಮಾತ್ರೆ ನುಂಗಿಲ್ಲ ಅಲ್ವಾ ನೀವು?" ಎಂದು ಮುಗಿಯುತ್ತಿತ್ತು. ನುಂಗದವನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡರು. ಮೈಸೂರಿನ ಕುಂಬಾರಕೊಪ್ಪಲಿನ ತಮ್ಮ ಮನೆಯಲ್ಲಿ, ತಮ್ಮ ಮಂಚದ ಮೇಲೆ, ನಿದ್ದೆಯಲ್ಲೇ. ಒಂಟಿಕೊಪ್ಪಲಿನ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ನಮ್ಮ ಗುಂಪಿನವರೆಲ್ಲ ಹೋಗಿದ್ದೆವು. ಬಂದವರು ಅವರನ್ನು ದೊಡ್ಡಮ್ಮ, ಅಕ್ಕ, ಮೇಡಂ ಎಂದು ಬಗೆಬಗೆಯಾಗಿ ಕರೆಯುತ್ತಿದ್ದರು. ನಮಗೆ ಮಾತ್ರ ಅವರು ಸಿಸ್ಟರು. ದೊಡ್ಡ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಕೆಲಸಕ್ಕೆ ಸೇರಿ, ಅದೇ ಆಸ್ಪತ್ರೆಯ ಮುಖ್ಯ ದಾದಿಯಾಗಿ ನಿವೃತ್ತರಾದವರು. ನಿವೃತ್ತಿ ಎಂಬುದು ಸಂಬಳಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ತಿಳಿದಿದ್ದವರು.

ನಾನು ಹೈಸ್ಕೂಲಿನಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವನು. ಸಾಲು ನೆಟ್ಟಗಿಲ್ಲದಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಪಾರ್ಕಿನಲ್ಲಿ ನಡಿಗೆ ಮುಗಿದ ಮೇಲೆ ಎಲ್ಲರನ್ನೂ ನಿಲ್ಲಿಸಿ ಕೈಕಾಲು ಆಡಿಸುವ ಕಸರತ್ತು ಮಾಡಿಸುವುದು ನನ್ನ ಜವಾಬ್ದಾರಿ. ಸಿಸ್ಟರು ಮೊದಲ ಸಲ ಬಂದ ದಿನ ನಾನು "ಉಸಿರು ಹಿಡೀರಿ" ಎಂದೆ. ಹಿಂದಿನ ಸಾಲಿನಿಂದ ಒಂದು ಸ್ವರ ಬಂತು: "ಹಿಡೀಬೇಡಿ. ಬಿಡ್ತಾ ಇರಿ." ನನ್ನ ಅಷ್ಟು ವರ್ಷಗಳ ಸೇವೆಯಲ್ಲಿ ಸಾಲಿನೊಳಗಿಂದ ಯಾರೂ ಎದುರು ಆಜ್ಞೆ ಕೊಟ್ಟಿರಲಿಲ್ಲ. ನಾನು ತಿರುಗಿ ನೋಡಿದೆ. ಕುಳ್ಳಗೆ, ದುಂಡಗೆ, ಇಸ್ತ್ರಿ ಮಾಡಿದ ಕಾಟನ್ ಸೀರೆಯ ಹೆಂಗಸು.

"ಇಲ್ಲಿರೋರಲ್ಲಿ ಅರ್ಧ ಜನಕ್ಕೆ ಬಿಪಿ ಇದೆ ಮೇಷ್ಟ್ರೇ," ಅಂದರು. "ಉಸಿರು ಕಟ್ಟಿಸಿದ್ರೆ ನೀವು ಒಂದು ಎರಡು ಅನ್ನೋ ಹೊತ್ತಿಗೆ ಯಾರಾದ್ರೂ ಮಲಕ್ಕೊಂಡ್ಬುಡ್ತಾರೆ."

ಆ ದಿನದಿಂದ ನಾನು ಉಸಿರು ಹಿಡಿಸುವುದನ್ನು ನಿಲ್ಲಿಸಿದೆ. ನಮ್ಮ ಸ್ನೇಹ ಶುರುವಾದದ್ದೂ ಹಾಗೆಯೇ. ಶಿಸ್ತಿನವರಿಗೆ ಶಿಸ್ತಿನವರೇ ಹೊಂದುವುದು.

ಹಾಗೆಂದು ಅವರು ಎಲ್ಲದರಲ್ಲೂ ನಿಪುಣೆ ಎಂದು ಬರೆದರೆ ಸುಳ್ಳಾಗುತ್ತದೆ. ಅಡುಗೆ ಅವರಿಗೆ ಬರುತ್ತಿರಲಿಲ್ಲ. ಅವರು ಮಾಡುತ್ತಿದ್ದ ಉಪ್ಪಿಟ್ಟು ಆಸ್ಪತ್ರೆಯ ಗಂಜಿಗೆ ಹತ್ತಿರದ ಸಂಬಂಧಿ. ಗಿಡಗಳಿಗೆ ಗ್ಲೂಕೋಸ್ ಏರಿಸುವವರಂತೆ ನೀರು ಹಾಕಿ ಹಾಕಿ ಕೊಳೆಸುತ್ತಿದ್ದರು. ಸಿಟ್ಟು ಬೇಗ ಬರುತ್ತಿತ್ತು, ಬಂದದ್ದು ನಿಧಾನವಾಗಿ ಹೋಗುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ರಜಾ ಸಿಗಲಿಲ್ಲ" ಅನ್ನುತ್ತಿದ್ದರು.

ಅವರು ಪದೇ ಪದೇ ಹೇಳುತ್ತಿದ್ದ ಒಂದು ವಿಷಯವಿದೆ: ಡ್ಯೂಟಿ ಒಪ್ಪಿಸುವುದು. ಆಸ್ಪತ್ರೆಯಲ್ಲಿ ಪಾಳಿ ಬದಲಾಗುವಾಗ ಹೋಗುವ ದಾದಿ ಬರುವ ದಾದಿಯನ್ನು ಪ್ರತಿ ಮಂಚದ ಬಳಿಗೂ ಕರೆದುಕೊಂಡು ಹೋಗಿ, ರೋಗಿಯ ಎಲ್ಲ ಸಂಗತಿಯನ್ನೂ ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಜ್ವರ ಎಷ್ಟಿತ್ತು, ಯಾವ ಔಷಧ ಒಗ್ಗಲಿಲ್ಲ, ಯಾವ ರೋಗಿ ಗುಟ್ಟಾಗಿ ಬಜ್ಜಿ ತರಿಸಿಕೊಂಡು ತಿಂದಳು, ಎಲ್ಲವನ್ನೂ. "ಹೇಳದೆ ಬಿಟ್ಟಿದ್ದು ನಮ್ಮ ಜೊತೆ ಮನೆಗೆ ಬರಲ್ಲ ಮೇಷ್ಟ್ರೇ," ಅನ್ನುತ್ತಿದ್ದರು, "ಅಲ್ಲೇ ಮಂಚದ ಮೇಲೆ ಕೂತಿರುತ್ತೆ, ಮುಂದಿನೋಳ ಕೈಯಲ್ಲಿ ಸಿಡಿಯುತ್ತೆ." ಅವರ ತತ್ತ್ವಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಇದರ ಮರಿಗಳು.

ಇದನ್ನು ನಾನು ಸರಿಯಾಗಿ ಕಂಡದ್ದು ನಾವು ಶ್ರೀಲಂಕಾಕ್ಕೆ ಹೊರಟಾಗ.

ಪ್ರವಾಸದ ಯೋಚನೆ ಮ್ಯಾನೇಜರದು. ಅವರು ಬ್ಯಾಂಕಿನಿಂದ ನಿವೃತ್ತರಾದವರು, ನಮ್ಮ ಗುಂಪಿನ ಸ್ವಯಂಘೋಷಿತ ಅಧ್ಯಕ್ಷರು. ಟ್ರಾವೆಲ್ಸ್‌ನವರ ಜೊತೆ ಮಾತಾಡಿ, ಕೊಲಂಬೊ, ಕ್ಯಾಂಡಿ, ಅನುರಾಧಪುರ ಎಂದು ಒಂದು ವಾರದ ಏರ್ಪಾಟು ಮಾಡಿದರು. ನಾನು, ನನ್ನ ಹೆಂಡತಿ, ಮ್ಯಾನೇಜರು, ಹಿಟ್ಟಿನ ಗಿರಣಿಯ ಯಜಮಾನರು, ಇನ್ನೂ ಕೆಲವರು ಹೆಸರು ಕೊಟ್ಟೆವು. ನಮಗೆಲ್ಲ ಅದು ವಿಮಾನ ಹತ್ತುವ ಹುಮ್ಮಸ್ಸು, ಸಮುದ್ರ ನೋಡುವ ಆಸೆ. ಸಿಸ್ಟರಿಗೆ ಅದು ಬೇರೆ.

ಅವರ ತಂದೆತಾಯಿ ನರಸೀಪುರದ ಕಡೆಯ ಹಳ್ಳಿಯಿಂದ ಕೂಲಿಗೆಂದು ಮೈಸೂರಿಗೆ ಬಂದವರು. ಬಂದ ಮೇಲೆ ಬೌದ್ಧರಾದವರು. ಶೀಟಿನ ಮನೆಯ ಗೋಡೆಯ ಮೇಲೆ ತಾಯಿ ಒಂದು ಕ್ಯಾಲೆಂಡರಿನ ಚಿತ್ರ ಅಂಟಿಸಿದ್ದರಂತೆ: ಚಿನ್ನದ ಕಟಾಂಜನದೊಳಗೆ ಒಂದು ಅರಳಿಮರ. ಅನುರಾಧಪುರದ ಬೋಧಿವೃಕ್ಷ. ಬುದ್ಧ ಕೂತಿದ್ದ ಮರದ ಕೊಂಬೆಯನ್ನು ಸಂಘಮಿತ್ರೆ ಹಡಗಿನಲ್ಲಿ ಒಯ್ದು ನೆಟ್ಟದ್ದು ಎಂದು ತಾಯಿ ಹುಣ್ಣಿಮೆಯ ದಿನ ದೀಪ ಹಚ್ಚಿ ಹೇಳುತ್ತಿದ್ದರಂತೆ. "ಅಮ್ಮ ನಂಜನಗೂಡು ದಾಟಿದೋರಲ್ಲ. ನಾನಾದ್ರೂ ನೋಡ್ಬೇಕು," ಎಂದು ಸಿಸ್ಟರು ಒಂದೇ ಸಲ ಹೇಳಿದರು. ಅವರು ಯಾವ ಆಸೆಯನ್ನೂ ಎರಡು ಸಲ ಹೇಳುತ್ತಿರಲಿಲ್ಲ.

ಟ್ರಾವೆಲ್ಸ್‌ನವರು ಒಂದು ಷರತ್ತು ಹಾಕಿದ್ದರು: ಎಲ್ಲರಿಗೂ ಪ್ರಯಾಣದ ವಿಮೆ ಇರಬೇಕು, ಇಲ್ಲದಿದ್ದರೆ ಸೀಟಿಲ್ಲ. ಮ್ಯಾನೇಜರು ಮೂರು ಕಂಪನಿಗಳ ಕಾಗದಗಳನ್ನು ಪ್ರಿಂಟ್ ಹಾಕಿಸಿಕೊಂಡು ಪಾರ್ಕಿಗೆ ಬಂದರು. ಕಲ್ಲುಬೆಂಚಿನ ಸುತ್ತ ನಮ್ಮ ಸಭೆ ಸೇರಿತು.

ಈಗ ನೆನೆದರೆ ನಗು ಬರುತ್ತದೆ. ಅಷ್ಟು ಜನ ಓದಿದವರು, ವಿದೇಶದಲ್ಲಿ ಕಾಯಿಲೆ ಬಿದ್ದರೆ ಏನು ಗತಿ ಎಂದು ತಿಳಿಯಲು ಕೂತವರು, ಕಾಯಿಲೆಯ ಪುಟವನ್ನು ಓದಲೇ ಇಲ್ಲ. ಶುಭವಾಗಿ ಊರಿಗೆ ಹೊರಡುವಾಗ ಆಸ್ಪತ್ರೆ, ಅಪಘಾತ, ಸಾವು ಎಂಬ ಮಾತನ್ನು ಬಾಯಲ್ಲಿ ಆಡುವುದುಂಟೆ? ಮ್ಯಾನೇಜರು ಆ ಸಾಲುಗಳು ಬಂದಾಗ "ಇದು ಇದ್ದದ್ದೇ, ಬಿಡಿ" ಎಂದು ಹಾಳೆ ಮಗುಚುತ್ತಿದ್ದರು. ನಾಮಿನಿ ಎಂದು ಹೆಂಡತಿಯ ಹೆಸರು ಬರೆಯಲು ಗಿರಣಿಯ ಯಜಮಾನರು ಒಪ್ಪಲಿಲ್ಲ. ಬರೆದರೆ ಕರೆದ ಹಾಗಾಗುತ್ತದಂತೆ. ಕೊನೆಗೆ ಎಲ್ಲರೂ ನಿರ್ಭಯವಾಗಿ ಮಾತಾಡಬಹುದಾದ ವಿಷಯ ಒಂದೇ ಉಳಿಯಿತು: ಪೆಟ್ಟಿಗೆ. ವಿಮಾನದಲ್ಲಿ ಪೆಟ್ಟಿಗೆ ಕಳೆದರೆ ಯಾವ ಕಂಪನಿ ಹೆಚ್ಚು ಕೊಡುತ್ತದೆ? ಅದರ ಮೇಲೆ ದೀರ್ಘ ಚರ್ಚೆ ನಡೆಯಿತು. ಪೆಟ್ಟಿಗೆಗೆ ಹೆಚ್ಚು ಕೊಡುವ ಕಂಪನಿಯೇ ಒಳ್ಳೆಯದೆಂದು ತೀರ್ಮಾನವಾಯಿತು.

ಸಿಸ್ಟರು ಅಲ್ಲಿಯವರೆಗೆ ಸುಮ್ಮನೆ ಕೂತಿದ್ದರು. ಆಮೇಲೆ ಕೈ ಚಾಚಿದರು.

"ಕೊಡಿ ಇಲ್ಲಿ. ಪೆಟ್ಟಿಗೆಗೆ ಬಿಪಿ ಇದೆಯಾ?"

ಮ್ಯಾನೇಜರು ಕಾಗದಗಳನ್ನು ಅವರ ಕೈಗಿಟ್ಟರು.

"ಪೆಟ್ಟಿಗೆಗೆ ಶುಗರ್ ಇದೆಯಾ? ಪೆಟ್ಟಿಗೆ ಬಚ್ಚಲಲ್ಲಿ ಜಾರಿ ಬೀಳುತ್ತಾ? ಮತ್ತೆ ಅದರ ಬಗ್ಗೆ ಯಾಕ್ರೀ ಇಷ್ಟು ಚಿಂತೆ?"

ಕನ್ನಡಕ ಏರಿಸಿಕೊಂಡು, ನಾವು ಮಗುಚಿದ್ದ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿ, ವಾರ್ಡಿನ ಸ್ವರದಲ್ಲಿ ಓದತೊಡಗಿದರು. ಆಸ್ಪತ್ರೆ ಸೇರಿದರೆ ಏನು, ಶಸ್ತ್ರಚಿಕಿತ್ಸೆಯಾದರೆ ಏನು. ಕೊನೆಗೆ, ಪ್ರಯಾಣಿಕ ಸತ್ತರೆ ದೇಹವನ್ನು ಊರಿಗೆ ತರುವ ವೆಚ್ಚ. ಗಿರಣಿಯ ಯಜಮಾನರು "ಶಿವ ಶಿವ" ಎಂದು ಎದ್ದು ನಿಂತರು. ನನ್ನ ಹೆಂಡತಿ ಕಿವಿಯ ಮೇಲೆ ಸೆರಗು ಎಳೆದುಕೊಂಡಳು.

"ಬೆಳಗ್ಗೆ ಬೆಳಗ್ಗೆ ಯಾಕ್ ಸಿಸ್ಟರ್ ಇದೆಲ್ಲ," ಎಂದರು ಮ್ಯಾನೇಜರು.

"ಓದಿದ್ರೆ ಬರುತ್ತೆ, ಓದ್ದಿದ್ರೆ ಬರಲ್ಲ ಅನ್ನೋ ಹಾಗಿದ್ರೆ ನಾನು ವಾರ್ಡಲ್ಲಿ ಒಂದು ಕೇಸ್‌ಶೀಟೂ ಓದ್ತಿರಲಿಲ್ಲ. ಕೂತ್ಕೊಳ್ಳಿ ಯಜಮಾನ್ರೇ, ಬರೀ ಕಾಗದ ಅದು, ಕಚ್ಚಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಈಗಾಗಲೇ ಇರುವ ಕಾಯಿಲೆ ಏನು ಎಂಬ ಪ್ರಶ್ನೆ ಬಂತು. ಯಜಮಾನರು ಧೈರ್ಯವಾಗಿ "ನನಗೇನಿಲ್ಲ" ಅಂದರು. ಅವರಿಗೆ ಸಕ್ಕರೆ ಕಾಯಿಲೆ ಇರುವುದು ಪಾರ್ಕಿನ ಅಳಿಲುಗಳಿಗೂ ಗೊತ್ತು.

"ಶುಗರ್ ಹೇಳಿಲ್ವಲ್ಲ ನೀವು?" ಎಂದರು ಸಿಸ್ಟರು.

"ಅದು ಕಂಟ್ರೋಲಲ್ಲಿ ಅದೆ ಕಣಮ್ಮ."

"ಕಂಟ್ರೋಲಲ್ಲಿದ್ರೆ ಇಲ್ಲ ಅಂತಲಾ?"

"ಅಂಗೇ ಅಲ್ವಾ ಮತ್ತೆ? ಇದ್ದೂ ಇಲ್ದಂಗದೆ."

"ನಿಮ್ಮ ಮನೆ ನಾಯಿ ಕಟ್ಟಾಕಿದ್ರೆ ನಾಯಿ ಇಲ್ಲ ಅಂತೀರಾ?"

ನಗು ಎದ್ದಿತು. ಆದರೆ ಯಜಮಾನರೊಬ್ಬರೇ ಅಲ್ಲ, ಬೆಂಚಿನ ಸುತ್ತ ಕೂತಿದ್ದ ಎಲ್ಲರೂ ಹಾಗೆಯೇ ನಂಬಿದ್ದವರು. ಮಾತ್ರೆ ನುಂಗಿ ಹದ್ದುಬಸ್ತಿನಲ್ಲಿಟ್ಟ ಕಾಯಿಲೆ ಕಾಯಿಲೆಯಲ್ಲ ಎಂಬುದು ನಮ್ಮ ಕಡೆಯ ಸರ್ವಸಮ್ಮತ ಸಿದ್ಧಾಂತ. ಅದನ್ನು ಬರೆದರೆ ಕಂಪನಿಯವರು ಹೆಚ್ಚು ಕೇಳುತ್ತಾರೆ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು. ಸಿಸ್ಟರು ಒಬ್ಬೊಬ್ಬರ ಮುಂದೆಯೂ ಕೂತು ಇದ್ದದ್ದನ್ನು ಇದ್ದ ಹಾಗೆ ಬರೆಸಿದರು. ಇಷ್ಟವಾಗಲಿಲ್ಲ ನಮಗೆ. ಆದರೆ ಮಣಿಕಟ್ಟು ಅವರ ಕೈಯಲ್ಲಿತ್ತು.

ಕೊನೆಗೆ ತಮ್ಮ ಸರದಿ ಬಂದಾಗ ಅವರೇ ಹೇಳಿದರು: ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆ. ನಮಗೆ ಆವರೆಗೆ ಗೊತ್ತಿರಲಿಲ್ಲ. ದಿನವೂ ನಮಗಿಂತ ಮುಂದೆ ನಡೆಯುತ್ತಿದ್ದವರು.

ಮ್ಯಾನೇಜರು ತಗ್ಗಿದ ದನಿಯಲ್ಲಿ ಹೇಳಿದರು: "ಸಿಸ್ಟರ್, ಶುಗರ್ ಬರೆದ್ರೆ ಪರವಾಗಿಲ್ಲ. ಇದನ್ನ ಬರೆದ್ರೆ ಕೊಡೋದೇ ಇಲ್ಲ. ಒಂದು ವಾರದ ಮಾತು. ಸುಮ್ನಿದ್ಬುಡಿ."

"ಇದು ಡ್ಯೂಟಿ ಒಪ್ಪಿಸೋದು ಮ್ಯಾನೇಜರೇ. ನನ್ನನ್ನ ನಾನೇ ಅವರಿಗೆ ಒಪ್ಪಿಸ್ತಾ ಇದೀನಿ. ಮುಖ್ಯವಾದ್ದೇ ಬಿಟ್ಟು ಒಪ್ಪಿಸಲಾ?"

"ನಿಮ್ಮ ಸಂಘಮಿತ್ರೆ ಯಾವ ಇನ್ಶೂರೆನ್ಸ್ ಮಾಡಿಸ್ಕೊಂಡು ಹಡಗು ಹತ್ತಿದ್ಲು?"

"ಅವಳಿಗೆ ಸ್ಟೆಂಟ್ ಇರಲಿಲ್ಲ."

ಮ್ಯಾನೇಜರು ಹೇಳಿದ್ದು ನಿಜವಾಯಿತು. ನಾವೆಲ್ಲ ಆರಿಸಿದ್ದ ಕಂಪನಿ ನಮ್ಮೆಲ್ಲರನ್ನೂ, ಸಕ್ಕರೆಯ ಯಜಮಾನರನ್ನೂ ಸೇರಿಸಿ ಒಪ್ಪಿಕೊಂಡು ಅವರನ್ನು ಬೇಡವೆಂದಿತು. ಎರಡನೆಯದೂ ಬೇಡವೆಂದಿತು. ಹೊರಡುವ ದಿನ ಹತ್ತಿರವಾಗುತ್ತಿತ್ತು. ಸಿಸ್ಟರು ದಿನವೂ ನಡಿಗೆ ಮುಗಿಸಿ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ಫೋನು ಹಿಡಿದು ಕೂರುತ್ತಿದ್ದರು. ಮುಖದಲ್ಲಿ ನಿರಾಶೆ ಇರಲಿಲ್ಲ. ರಕ್ತನಾಳ ಸಿಗದ ರೋಗಿಯ ಕೈಯಲ್ಲಿ ಸೂಜಿಗೆ ಜಾಗ ಹುಡುಕುವವರ ತಾಳ್ಮೆಯಿತ್ತು. ಈ ಕೈಯಲ್ಲಿ ಸಿಗದಿದ್ದರೆ ಆ ಕೈ.

ಕೊನೆಗೆ ಒಂದು ಕಂಪನಿ, ಫೋನಿನಲ್ಲಿ ಆರೋಗ್ಯದ ವಿಚಾರಣೆ ಮಾಡಿ ಆಮೇಲೆ ಹೇಳುತ್ತೇವೆ ಎಂದಿತು. ಆ ಕರೆ ಬಂದಾಗ ನಾನು ಎದುರಿಗೇ ಇದ್ದೆ. ಸ್ಪೀಕರಿನಲ್ಲಿ ಚಿಕ್ಕ ವಯಸ್ಸಿನ ಹುಡುಗಿಯ ದನಿ.

"ಮೇಡಂ, ಹಾರ್ಟ್ ಪ್ರಾಬ್ಲಂ ಏನಾದ್ರೂ ಇದೆಯಾ?"

"ಇದೆ. ಬರ್ಕೊಳ್ತೀಯಾ?" ಎಂದು ಶುರುಮಾಡಿದರು. ಯಾವ ನಾಳ, ಯಾವಾಗ ಆಯಿತು, ಯಾವ ಮಾತ್ರೆ, ಮೊದಲು ಕೊಟ್ಟ ಮಾತ್ರೆಗೆ ಕೆಮ್ಮು ಬಂದು ಬದಲಾಯಿಸಿದ್ದು, ತಾಯಿಗೂ ಇದೇ ಕಾಯಿಲೆ ಇದ್ದದ್ದು, ಅಣ್ಣ ಹೋದದ್ದು.

"ಮೇಡಂ, ಅಷ್ಟು ಬೇಡ. ಹೌದು ಅಥವಾ ಇಲ್ಲ ಅಂದ್ರೆ ಸಾಕು."

"ಅಷ್ಟೂ ಬೇಕು ಕಣಮ್ಮ. ನಾಳೆ ನಾನು ಅಲ್ಲಿ ಬಿದ್ರೆ ನಿನ್ನನ್ನೇ ಕೇಳೋದು. ಕೊಲೆಸ್ಟ್ರಾಲ್ ಯಾಕೆ ಕೇಳಲಿಲ್ಲ ನೀನು?"

"ಅದು ಮುಂದಿನ ಪ್ರಶ್ನೆ ಮೇಡಂ."

"ಸರಿ. ನೀನು ಊಟ ಮಾಡಿದ್ಯಾ? ದನಿ ಸೋತಿದೆ."

ಆ ಹುಡುಗಿ ನಕ್ಕಳು. ಪ್ರಶ್ನೆ ಕೇಳಬೇಕಾದವಳು ಆಮೇಲೆ ಪೂರ್ತಿ ಉತ್ತರ ಹೇಳುವವಳಾದಳು. ಊಟ ಬಿಟ್ಟಿದ್ದಕ್ಕೆ ಬೈಸಿಕೊಂಡಳು. ಕೆಲವು ದಿನಗಳ ನಂತರ ಪಾಲಿಸಿ ಬಂತು. ನಮ್ಮೆಲ್ಲರಿಗಿಂತ ದುಬಾರಿ. ಹೃದಯದ ತೊಂದರೆಗೆ ಪ್ರಾಣಕ್ಕೆ ಅಪಾಯವಾದಾಗ ಮಾತ್ರ ಕೊಡುತ್ತಾರೆ. ಪೆಟ್ಟಿಗೆಗೆ ಕೊಡುವುದು ನಮ್ಮೆಲ್ಲರಿಗಿಂತ ಕಡಿಮೆ. ಜೊತೆಗೆ ಬಂದಿದ್ದ ಸಿಸ್ಟರ ಅಣ್ಣನ ಮಗ, "ಅಂದ್ರೆ ಸಣ್ಣಪುಟ್ಟದಕ್ಕೆ ನಾವೇ ಕೊಡ್ಬೇಕಾ ಅತ್ತೆ?" ಎಂದು ಕೇಳಿದ.

"ಸಣ್ಣದಾದ್ರೆ ನಾನೇ ನೋಡ್ಕೋತೀನಿ. ದೊಡ್ಡದಾದ್ರೆ ಅವರು ನೋಡ್ಕೋತಾರೆ. ಅದಕ್ಕಿಂತ ದೊಡ್ಡದಾದ್ರೆ ಯಾರೂ ಬೇಕಾಗಿಲ್ಲ," ಅಂದರು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಹೊರಡುವುದಕ್ಕೆ ಮೂರು ದಿನ ಇದ್ದಾಗ ಅವರು ಅಟ್ಟದಿಂದ ಪೆಟ್ಟಿಗೆ ಇಳಿಸಲು ಹೋದರು. ಎದೆ ಹಿಡಿದ ಹಾಗಾಯಿತು. ತಾವೇ ಆಟೋ ಹಿಡಿದು ತಮ್ಮ ಹೃದಯದ ಡಾಕ್ಟರ ಹತ್ತಿರ ಹೋದರು. ಪರೀಕ್ಷೆಗಳೆಲ್ಲ ಆದವು. ಹೊಸದಾಗಿ ಏನೂ ಕೆಟ್ಟಿಲ್ಲ, ಒಂದು ಮಾತ್ರೆ ಬದಲಾಯಿಸೋಣ, ಭಾರ ಎತ್ತಬೇಡಿ, ಬೆಟ್ಟ ಹತ್ತಬೇಡಿ, ಮೆಲ್ಲಗೆ ಹೋಗಿ ಬನ್ನಿ ಎಂದು ಡಾಕ್ಟರು ಹೇಳಿದರಂತೆ.

ಮರುದಿನ ನಮ್ಮ ಮನೆಗೆ ಬಂದು ಇದಿಷ್ಟನ್ನೂ ಹೇಳಿ, ಫೋನು ತೆಗೆದರು. "ಯಾರಿಗೆ?" ಎಂದೆ. ವಿಮೆಯವರಿಗೆ. ಪಾಲಿಸಿ ಬಂದ ಮೇಲೆ, ಹೊರಡುವ ಮೊದಲು ಆರೋಗ್ಯದಲ್ಲಿ ಬದಲಾವಣೆಯಾದರೆ ತಿಳಿಸಬೇಕು ಎಂಬ ಸಾಲು ಅದರಲ್ಲಿತ್ತು. ನಾವು ಯಾರೂ ಓದಿರದ ಸಾಲು.

ನನ್ನ ಹೆಂಡತಿ ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ಕೈ ಹಿಡಿದುಕೊಂಡಳು. "ಬೇಡ ಸಿಸ್ಟರ್. ಡಾಕ್ಟ್ರೇ ಹೋಗಿ ಅಂದಿದಾರೆ. ಇನ್ನು ಎರಡು ದಿನ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ ಕಣಮ್ಮ."

"ಆ ಮರ ನೋಡ್ಬೇಕು ಅಂತ ಎಷ್ಟು ಒದ್ದಾಡಿದೀರಿ."

"ಅದಕ್ಕೇ. ಆ ಮರದ ಕೆಳಗೆ ಕೂತ್ಕೊಂಡು ಸುಳ್ಳು ಆಡಲ್ಲ ಅಂತ ಪಂಚಶೀಲ ಹೇಳ್ಬೇಕು ನಾನು. ಬ್ಯಾಗಲ್ಲೊಂದು ಸುಳ್ಳು ಇಟ್ಕೊಂಡು ಹೇಳಲಾ?"

ಫೋನು ಮಾಡಿದರು. ಅತ್ತ ಯಾರೋ ಡಾಕ್ಟರ ಪತ್ರ ಕಳಿಸಿ ಎಂದರು. ಕಳಿಸಿದರು. ಸಂಜೆ ಉತ್ತರ ಬಂತು: ಪಾಲಿಸಿ ಇರುತ್ತದೆ, ಆದರೆ ಈ ಪ್ರವಾಸದಲ್ಲಿ ಹೃದಯಕ್ಕೆ ಸಂಬಂಧಿಸಿದ ಯಾವುದಕ್ಕೂ, ಪ್ರಾಣಾಪಾಯವಾದರೂ, ಕೊಡುವುದಿಲ್ಲ. ಕೈಕಾಲು ಮುರಿದರೆ ಕೊಡುತ್ತಾರೆ, ಜ್ವರಕ್ಕೆ ಕೊಡುತ್ತಾರೆ, ಪೆಟ್ಟಿಗೆಗೆ ಕೊಡುತ್ತಾರೆ. ಹೃದಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರ ಹೊಣೆ.

ನಾನು ಆ ಉತ್ತರವನ್ನು ಎರಡು ಸಲ ಓದಿದೆ. ಸಿಸ್ಟರು ಮಾತ್ರ ಹಗುರಾದವರಂತೆ ಕಾಣುತ್ತಿದ್ದರು. "ಈಗ ಸರಿಯಾಯ್ತು ನೋಡಿ. ಯಾವುದು ಅವರದ್ದು, ಯಾವುದು ನನ್ನದು ಅಂತ ಗೊತ್ತಾಯ್ತು. ಹೃದಯ ನನ್ನದು."

ಟ್ರಾವೆಲ್ಸ್‌ನವರಿಗೆ ಪಾಲಿಸಿ ಇದ್ದರೆ ಸಾಕಿತ್ತು. ಸುದ್ದಿ ತಿಳಿದು ಓಡಿ ಬಂದವರು ಮ್ಯಾನೇಜರು. ಅವರು ಕೆಟ್ಟವರಲ್ಲ, ಹೆದರಿದ್ದರು. ನಮ್ಮ ಹಜಾರದಲ್ಲಿ ನಿಂತೇ ಹೇಳಿದರು: "ಸಿಸ್ಟರ್, ತಪ್ಪು ತಿಳೀಬೇಡಿ. ಈ ಸಲ ಬರಬೇಡಿ. ಅಲ್ಲಿ ನಿಮಗೆ ಏನಾದ್ರೂ ಆದ್ರೆ ನಾನೇನು ಮಾಡ್ಲಿ? ಚೆಕ್ಕಿನ ಸಹಿ ತಾಳೆ ನೋಡೋದು ಬಿಟ್ರೆ ನನಗೇನು ಬರುತ್ತೆ?"

ಸಿಸ್ಟರು ಅವರನ್ನು ದಿಟ್ಟಿಸಿ ನೋಡಿದರು. ಈಗ ಅಳುತ್ತಾರೆ ಅಥವಾ ಬೈಯುತ್ತಾರೆ ಎಂದುಕೊಂಡೆ. ಎರಡೂ ಆಗಲಿಲ್ಲ.

"ಒಳ್ಳೇ ಪ್ರಶ್ನೆ," ಅಂದರು. "ಏನು ಮಾಡ್ಬೇಕು ಅಂತ ಹೇಳಿಕೊಡ್ತೀನಿ. ಕಂಪನಿಯವರು ಒಪ್ಪಿಸ್ಕೊಳ್ಳಲಿಲ್ಲ. ನಿಮಗೆ ಒಪ್ಪಿಸ್ತೀನಿ. ನಾಳೆ ನಡಿಗೆ ರದ್ದು. ಎಲ್ಲರೂ ಇಲ್ಲಿಗೆ ಬನ್ನಿ. ಕಲಿತ ಮೇಲೂ ಬೇಡ ಅಂದ್ರೆ ನಾನು ಬರಲ್ಲ."

ಮರುದಿನ ಬೆಳಗ್ಗೆ ನಮ್ಮ ಹಜಾರ ಕಸರತ್ತಿನ ಶಾಲೆಯಾಯಿತು. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ನಮ್ಮ ಮನೆಯ ಅತಿ ಗಟ್ಟಿ ದಿಂಬು. ದಿಂಬೇ ಸಿಸ್ಟರು. ನಿಂತ ಹೃದಯವನ್ನು ಎದೆ ಒತ್ತಿ ನಡೆಸುವುದು ಹೇಗೆ ಎಂದು ಅವರು ಪಕ್ಕದಲ್ಲಿ ಮೊಣಕಾಲೂರಿ ತೋರಿಸಿದರು. ಮೊದಲು ಕೂಗಿ ಎಬ್ಬಿಸಿ ನೋಡಬೇಕು, ಆಂಬುಲೆನ್ಸಿಗೆ ಹೇಳಬೇಕು, ಆಮೇಲೆ ಎದೆಯ ನಡುವೆ ಅಂಗೈ ಊರಿ, ಮೊಣಕೈ ಮಡಿಸದೆ, ಜೋರಾಗಿ, ಬೇಗ ಬೇಗ ಒತ್ತಬೇಕು. ಲಯ ತಪ್ಪಬಾರದು.

"ಮೇಷ್ಟ್ರೇ, ನೀವು ಎಣಿಸಿ. ಪಿಟಿ ಮಾಡಿಸೋ ಹಾಗೆ."

ನಾನು ಎಣಿಸಿದೆ. ಒಬ್ಬೊಬ್ಬರಾಗಿ ಬಂದು ಒತ್ತಿದರು. ಗಿರಣಿಯ ಯಜಮಾನರು ಮೆಲ್ಲಗೆ ತಟ್ಟಿದರು.

"ಏನು, ಮಗೂನ ಮಲಗಿಸ್ತಾ ಇದೀರಾ? ಒತ್ತಿ."

"ನೋವಾಯ್ತದೆ ಕಣಮ್ಮ."

"ದಿಂಬಿಗಾ?"

"ನಿಮ್ಗೆ. ಪಕ್ಕೆ ಮೂಳೆ ಮುರುದ್ರೆ?"

"ಮುರೀಲಿ. ಮುರಿದ ಮೂಳೆಗೆ ಇನ್ಶೂರೆನ್ಸ್ ಇದೆ."

ಮ್ಯಾನೇಜರು ಮಂಡಿನೋವಿನವರು. ಕೂತು, ನರಳಿ, ಒತ್ತತೊಡಗಿದರು. ಬೆವರಿದರು. ಸಾಕು ಎಂದು ಸಿಸ್ಟರು ಹೇಳಲಿಲ್ಲ. ನಾನು ಎಣಿಸುತ್ತಲೇ ಇದ್ದೆ. ಅವರ ಕೈ ಸೋತಾಗ ನನ್ನ ಹೆಂಡತಿ ತಾನಾಗಿ ಮುಂದೆ ಬಂದು, ಲಯ ತಪ್ಪದ ಹಾಗೆ ಅವರ ಜಾಗ ತೆಗೆದುಕೊಂಡಳು. ಯಾರೂ ಹೇಳಿಕೊಟ್ಟಿರಲಿಲ್ಲ. ಸಿಸ್ಟರು "ಹಾಂ, ಇದು," ಎಂದರು. "ಒಬ್ಬರ ಕೈಯಿಂದ ಒಬ್ಬರ ಕೈಗೆ."

ಆಮೇಲೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಆಂಬುಲೆನ್ಸಿಗೆ ಯಾರು ಹೇಳುವುದು, ಬ್ಯಾಗಿನ ಯಾವ ಜೇಬಿನ ಮಾತ್ರೆ ನಾಲಿಗೆಯ ಕೆಳಗೆ ಇಡುವುದು, ಅಣ್ಣನ ಮಗನಿಗೆ ಯಾರು ತಿಳಿಸುವುದು ಎಂದು ಹಂಚಿದರು. ಕೊನೆಯಲ್ಲಿ ಒಂದು ಮಾತು ಹೇಳಿದರು: "ಇಷ್ಟೆಲ್ಲ ಮಾಡಿಯೂ ಆಗದೇ ಹೋದ್ರೆ, ನೀವು ಮನಸ್ಸಿಗೆ ಹಚ್ಕೋಬಾರ್ದು. ಎಲ್ಲಾ ತಿಳಿದು ಹೊರಟೋಳು ನಾನು. ದೇಹ ತರೋಕೆ ಒದ್ದಾಡಬೇಡಿ. ಅಲ್ಲೇ ಮುಗಿಸಿ ಬನ್ನಿ. ಈಗ ಹೇಳಿ, ಬರಲಾ ಬೇಡ್ವಾ?"

ಹಿಂದೆ ಅದೇ ಮಾತನ್ನು ಕಾಗದದಲ್ಲಿ ಕೇಳಿ ಎದ್ದು ನಿಂತಿದ್ದ ಯಜಮಾನರು ಈ ಸಲ ಕದಲಲಿಲ್ಲ. ಎಲ್ಲರೂ ಮ್ಯಾನೇಜರ ಕಡೆ ನೋಡಿದೆವು. ಅವರು ಚಾಪೆಯ ಮೇಲೆ, ದಿಂಬಿನ ಪಕ್ಕ, ಇನ್ನೂ ಏದುಸಿರು ಬಿಡುತ್ತ ಕೂತಿದ್ದರು.

"ಕಿಟಕಿ ಸೀಟು ನನ್ನದು," ಎಂದರು.

ಕೊಲಂಬೊದಲ್ಲಿ ಇಳಿದಾಗ ನಮ್ಮೆಲ್ಲರ ಪೆಟ್ಟಿಗೆಗಳೂ ಬಂದವು, ಸಿಸ್ಟರದು ಬರಲಿಲ್ಲ. ಮ್ಯಾನೇಜರ ಮುಖದಲ್ಲಿ ಆಗ ಕಂಡ ತೃಪ್ತಿಯನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ. "ಪೆಟ್ಟಿಗೆಗೆ ಬಿಪಿ ಇಲ್ಲ ಸಿಸ್ಟರ್," ಎಂದರು, "ಆದ್ರೆ ಕಾಲಿದೆ." ಸಿಸ್ಟರು ಕೈಚೀಲ ತೆರೆದು ನೋಡಿದರು. ಮಾತ್ರೆಗಳು ಕೈಚೀಲದಲ್ಲೇ ಇದ್ದವು, ಅದರಲ್ಲಿ ತಪ್ಪಿರಲಿಲ್ಲ. ಆದರೆ ಆ ಮರದ ಹತ್ತಿರ ಉಡಬೇಕೆಂದು ತೆಗೆದಿಟ್ಟಿದ್ದ ಬಿಳಿಯ ಸೀರೆ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಸಿಕ್ಕಿದ್ದು ನಾವು ಅನುರಾಧಪುರ ನೋಡಿಬಂದ ಮೇಲೆ.

ಹಾಗಾಗಿ ಅವರು ನನ್ನ ಹೆಂಡತಿಯ ಹಳದಿ ಸೀರೆ ಉಟ್ಟು, ಗಿಣಿಹಸಿರು ಅಂಚನ್ನು ಸರಿಮಾಡಿಕೊಳ್ಳುತ್ತ, ಬಿಳಿ ಬಟ್ಟೆಯ ಆ ಜನಜಂಗುಳಿಯಲ್ಲಿ ನಡೆದರು. ಬರಿಗಾಲಿಗೆ ಮರಳು ಬಿಸಿಯಾಗಿತ್ತು. ಮೆಲ್ಲಗೆ, ನಿಂತು ನಿಂತು ನಡೆದರು. ನೈದಿಲೆ ಹೂ ಕೊಂಡರು. ಮೆಟ್ಟಿಲ ಹತ್ತಿರ ಬಂದಾಗ ಮ್ಯಾನೇಜರು ಒಂದು ಪಕ್ಕಕ್ಕೆ, ನನ್ನ ಹೆಂಡತಿ ಇನ್ನೊಂದು ಪಕ್ಕಕ್ಕೆ ಸೇರಿಕೊಂಡರು. ಹತ್ತಿದರು. ಹೂ ಇಟ್ಟರು. ಒಂದು ಮೂಲೆಯ ನೆರಳಿನಲ್ಲಿ ನೆಲದ ಮೇಲೆ ಕೂತು, ಕೈ ಮುಗಿದು, ತಾಯಿಯಿಂದ ಕಲಿತದ್ದನ್ನು ಮೆಲುದನಿಯಲ್ಲಿ ಹೇಳಿಕೊಂಡರು. ಆಮೇಲೆ ಕಣ್ಣು ಮುಚ್ಚಿದರು.

ಬಹಳ ಹೊತ್ತು ಹಾಗೇ ಇದ್ದರು.

ನಾವು ಸುತ್ತ ನಿಂತಿದ್ದೆವು. ಯಾರೂ ಹೇಳಿರಲಿಲ್ಲ, ಹೇಗೋ ವೃತ್ತವಾಗಿತ್ತು. ಯಜಮಾನರ ಕೈ ಸಿಸ್ಟರ ಬ್ಯಾಗಿನ ಮಾತ್ರೆಯ ಜೇಬಿನ ಮೇಲಿತ್ತು. ಮ್ಯಾನೇಜರು ಮಂಡಿಯೂರಲು ಸಿದ್ಧವಾದವರಂತೆ ಅರ್ಧ ಬಾಗಿದ್ದರು. ನಾನು ಬಾಯೊಳಗೇ ಎಣಿಕೆಗೆ ಸಿದ್ಧನಾಗಿದ್ದೆ. ಹಳದಿ ಸೀರೆಯ ಸೆರಗು ಏರುವುದನ್ನೂ ಇಳಿಯುವುದನ್ನೂ ನಾವೆಲ್ಲ ರೆಪ್ಪೆ ಬಡಿಯದೆ ನೋಡುತ್ತಿದ್ದೆವು.

ಸಿಸ್ಟರು ಕಣ್ಣು ಬಿಟ್ಟರು. ಸುತ್ತ ಒಂದು ಸಲ ನೋಡಿದರು.

"ಅಷ್ಟು ದೂರದಿಂದ ಬಂದು ನನ್ನನ್ಯಾಕ್ರೀ ನೋಡ್ತೀರಿ," ಅಂದರು. "ಮರ ನೋಡಿ."

ನಾವು ತಲೆಯೆತ್ತಿ ನೋಡಿದೆವು.